ತೋನ್ಸೆಪಾರಿಗೆ ಹೊರಡುವ ಏರ್ಪಾಡು

ಪ್ರವಾಸ ಮಾಡಿಬಂದವರ ಲೇಖನಗಳು ಮಾಸಪತ್ರಿಕೆಗಳಲ್ಲಿ ಹೇರಳವಾಗಿ ಬರುತ್ತಿರುವುವು. ಹೊರಡುವುದಕ್ಕೆ ಮುಂಚೆ ಮನೆಯೊಳಗೇ ನಡೆಯುವ ಪ್ರಯಾಣದ ವಿಚಾರವಾಗಿ ಬರೆದವರು ಮಾತ್ರ ಕಡಮೆ. ಯಾವ ಊರಿಗೆ, ಯಾವ ದಿನ, ಎಷ್ಟು ಹಣದಲ್ಲಿ, ಮನೆಯ ಹಿರಿಯರನ್ನು ಏನು ಮಾಡುವುದು ಎಂಬ ಈ ನಾಲ್ಕು ಪ್ರಶ್ನೆಗಳನ್ನು ದಾಟುವುದು ಘಾಟಿಯನ್ನು ದಾಟುವುದಕ್ಕಿಂತ ಕಷ್ಟವೆಂಬುದನ್ನು ಸಂಸಾರಿಗಳಾದ ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಈ ಸಲ ನಮ್ಮಲ್ಲಿ ನಾಲ್ಕನೆಯ ಪ್ರಶ್ನೆಯೇ ಮೊದಲನೆಯದಾಗಿ ಬಂದು ನಿಂತು, ಮಿಕ್ಕ ಮೂರಕ್ಕೂ ತಾನೇ ಉತ್ತರ ಕೊಟ್ಟಿತು. ಅದು ಹೇಗೆಂಬುದನ್ನು ತಿಳಿಸುವುದಕ್ಕಾಗಿ ಈ ನಾಲ್ಕು ಮಾತು.

ನಾವು ಇರುವುದು ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯ ಬದಿಯ ದಾಸರಹಳ್ಳಿಯಲ್ಲಿ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುವವನು. ತಿರುಪುಗಳು, ನಟ್ಟುಗಳು, ಇವುಗಳ ಅಳತೆ ಸರಿಯಾಗಿದೆಯೇ ಇಲ್ಲವೇ ಎಂದು ನೋಡಿ ಕಳುಹಿಸುವುದು ನನ್ನ ಉದ್ಯೋಗ. ಪೀಣ್ಯದಲ್ಲಿ ಮನುಷ್ಯರಿಗೆ ರಜೆ ಸಿಕ್ಕುವುದು ಯಂತ್ರಗಳಿಗೆ ರಜೆ ಸಿಕ್ಕಿದಾಗ. ಅದರಲ್ಲಿಯೂ ಆಯುಧಪೂಜೆಯ ದಿನ ಲೇತುಗಳಿಗೂ ಪ್ರೆಸ್ಸುಗಳಿಗೂ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದ ಮೇಲೆ ಆ ಇಡೀ ಪ್ರದೇಶವೇ ಸದ್ದಡಗಿ ಮಲಗುವುದು. ವರ್ಷದಲ್ಲಿ ನಾವು ಎಲ್ಲಿಗಾದರೂ ಹೋಗಬೇಕೆಂದರೆ ಅದೇ ಸಮಯ.

ಮೊದಲ ಸಲಹೆಯು ಪಿಯುಸಿ ಓದುತ್ತಿರುವ ನನ್ನ ಮಗನದು. ದೇವಸ್ಥಾನಗಳನ್ನೂ ಜಲಪಾತಗಳನ್ನೂ ನೋಡಿ ಸಾಕಾಯಿತು, ಈ ಸಲ ಜ್ವಾಲಾಮುಖಿಯನ್ನು ನೋಡಬೇಕೆಂದು ಅವನು ಪಟ್ಟು ಹಿಡಿದನು. ಭಾರತದಲ್ಲಿ ಬೆಂಕಿ ಕಾರುವ ಪರ್ವತ ಒಂದೇ. ಅದು ಅಂಡಮಾನಿನ ಬ್ಯಾರನ್ ದ್ವೀಪ. ೨೦೨೪ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು ೧೪೦ ಕಿಲೋಮೀಟರು ದೂರದ ಸಮುದ್ರದಲ್ಲಿ ಅದು ನಿಂತಿದೆ. ೧೭೮೭ರಲ್ಲಿ ಅದು ಬೆಂಕಿ ಕಾರಿದ್ದನ್ನು ಕಂಡವರು ಬರೆದಿಟ್ಟಿರುವರು. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಸುಮ್ಮನಾಗಿ, ಎಲ್ಲರೂ ಅದು ಆರಿತೆಂದು ಭಾವಿಸಿದ್ದಾಗ, ೧೯೯೧ರಲ್ಲಿ ಮತ್ತೆ ಎಚ್ಚತ್ತು, ಅಂದಿನಿಂದ ಆಗಾಗ ಹೊಗೆಯನ್ನೂ ಲಾವಾರಸವನ್ನೂ ಉಗುಳುತ್ತಿರುವುದು. ಇಷ್ಟನ್ನೂ ಮಗನು ಪಾಠ ಒಪ್ಪಿಸಿದಂತೆ ಹೇಳಿದನು. ಅಲ್ಲಿ ಇಳಿದು ಏನು ನೋಡಬಹುದೆಂದು ಮಡದಿಯು ಕೇಳಿದಾಗ ಮಾತ್ರ ಅವನ ಉತ್ಸಾಹ ಸ್ವಲ್ಪ ತಗ್ಗಿತು. ಏಕೆಂದರೆ ಅಲ್ಲಿ ಇಳಿಯುವಂತಿಲ್ಲ. ಹಡಗಿನಲ್ಲಿ ಕುಳಿತು ದೂರದಿಂದ ನೋಡಿ ಹಿಂದಿರುಗಬೇಕು. ಅಲ್ಲಿ ಮನುಷ್ಯರ ವಾಸವಿಲ್ಲ, ಯಾವ ಕಾಲದಲ್ಲಿಯೋ ಹೇಗೋ ಬಂದು ಕಾಡುಬಿದ್ದ ಆಡುಗಳು ಮಾತ್ರ ಇವೆಯೆಂದು ತಿಳಿದ ಮೇಲೆ, ಏಳನೆಯ ತರಗತಿಯ ನನ್ನ ಮಗಳಿಗೆ ಅಗ್ನಿಪರ್ವತಕ್ಕಿಂತ ಆ ಆಡುಗಳ ಮೇಲೆಯೇ ಮನಸ್ಸು ಹೋಯಿತು. ವಿಮಾನದ ದರವನ್ನು ಐದರಿಂದ ಗುಣಿಸಿ ನೋಡಿದೆವು. ಬ್ಯಾರನ್ ದ್ವೀಪದ ಪ್ರಸ್ತಾಪವು ಅಲ್ಲಿಗೇ ಮುಗಿಯಿತು.

ಮಗನು ಸುಲಭವಾಗಿ ಸೋಲುವವನಲ್ಲ. ಜೀವಂತ ಜ್ವಾಲಾಮುಖಿ ಇಲ್ಲದಿದ್ದರೆ ಸತ್ತುದಾದರೂ ಆಗಲೆಂದು ಹುಡುಕತೊಡಗಿದನು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿರುವ ಸ್ಥಳಗಳಲ್ಲಿ ನಾಲ್ಕು ನಮ್ಮ ರಾಜ್ಯದಲ್ಲಿಯೇ ಇವೆ. ಒಂದು, ಲಾಲ್‌ಬಾಗಿನ ಬಂಡೆ. ಸುಮಾರು ೩೦೦ ಕೋಟಿ ವರ್ಷಗಳ ಆ ಹಿರಿಯನ ಬೆನ್ನ ಮೇಲೆ ಕುಳಿತು ನಾವೆಲ್ಲರೂ ಕಡಲೆಕಾಯಿ ತಿಂದವರೇ. ಮಿಕ್ಕ ಮೂರೂ ಅಗ್ನಿಪರ್ವತಗಳ ಸಂತಾನ. ಚಿತ್ರದುರ್ಗದ ಕಡೆಯ ಮರಡಿಹಳ್ಳಿಯಲ್ಲಿ ಸಮುದ್ರದ ತಳದಲ್ಲಿ ಉಕ್ಕಿದ ಲಾವಾರಸವು ನೀರಿನ ತಂಪಿಗೆ ತಟಕ್ಕನೆ ಹೆಪ್ಪುಗಟ್ಟಿ, ತಲೆದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಲ್ಲಾಗಿದೆ. ಇಂದು ನೂರಾರು ಮೈಲಿ ಹೋದರೂ ಕಡಲಿನ ಸುಳಿವಿಲ್ಲದ ಬಯಲುಸೀಮೆಯಲ್ಲಿ ಸಮುದ್ರದ ಕಲ್ಲು! ಕೋಲಾರದ ಚಿನ್ನದ ಗಣಿಗಳ ಕಡೆಯ ಪೆದ್ದಪಲ್ಲಿಯಲ್ಲಿ ಇನ್ನೊಂದು. ಮರಡಿಹಳ್ಳಿಯ ಕಡೆಗೆ ಹೋಗತಕ್ಕ ಹೆದ್ದಾರಿ ನಮ್ಮ ಮನೆಯ ಮುಂದೆಯೇ ಹಾದುಹೋಗುವುದರಿಂದ, ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಹಿಂದಿರುಗಬಹುದೆಂದು ಮಡದಿಯು ಸೂಚಿಸಿದಳು. ಖರ್ಚಿನ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಸಲಹೆಯಿಲ್ಲ, ನಾನೂ ತಲೆದೂಗಿದೆನು. ಅಷ್ಟರಲ್ಲಿ ಮಗನು ನಾಲ್ಕನೆಯ ಹೆಸರನ್ನು ಓದಿದನು: ಮಲ್ಪೆಯ ಸೇಂಟ್ ಮೇರಿ ದ್ವೀಪ.

ಒಳಗೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನಮ್ಮ ತಾಯಿಯವರು ಮಲ್ಪೆಯೆಂಬ ಮಾತನ್ನು ಕೇಳಿ ಈಚೆಗೆ ಬಂದರು. ಫೋನಿನಲ್ಲಿದ್ದ ಚಿತ್ರವನ್ನು ತೋರಿಸೆಂದರು. ಅದನ್ನು ಬಲಗಣ್ಣಿನ ಹತ್ತಿರಕ್ಕೆ ಹಿಡಿದು, ಅತ್ತಿತ್ತ ಸರಿಸಿ ಬಹಳ ಹೊತ್ತು ನೋಡಿದರು.

"ಇದು ತೋನ್ಸೆಪಾರ್. ನಾನು ದಿನವೂ ನೋಡುತ್ತಿದ್ದ ಕಲ್ಲು. ಇದಕ್ಕೆ ಯಾವ ಮೇರಿ?"

೧೪೯೮ರಲ್ಲಿ ವಾಸ್ಕೋ ಡ ಗಾಮನು ಈ ದ್ವೀಪದಲ್ಲಿ ಇಳಿದು, ಶಿಲುಬೆಯನ್ನು ನೆಟ್ಟು, ಮೇರಿಮಾತೆಯ ಹೆಸರನ್ನಿಟ್ಟನೆಂದು ಪ್ರತೀತಿಯುಂಟೆಂಬುದನ್ನು ಮಗನು ಓದಿ ಹೇಳಿದನು. ಅವನು ಬರುವುದಕ್ಕೆ ಮುಂಚೆ ನಮ್ಮವರು ಅದನ್ನು ಕರೆಯುತ್ತಲೇ ಇರಲಿಲ್ಲವೇ ಎಂದು ಕೇಳಿ ತಾಯಿಯವರು ಅವರೆಕಾಯಿಗೆ ಹಿಂದಿರುಗಿದರು.

ಇಲ್ಲಿ ಒಂದು ವಿಷಯವನ್ನು ವಿಸ್ತರಿಸಬೇಕು. ನಮ್ಮ ತಾಯಿಯವರ ತವರು ಮಲ್ಪೆಯ ಕಡಲ ದಂಡೆ. ೧೯೮೦ರಲ್ಲಿ ಮದುವೆಯಾಗಿ, ಪೀಣ್ಯದಲ್ಲಿ ಲೇತಿನ ಕೆಲಸಕ್ಕೆ ಸೇರಿದ್ದ ನಮ್ಮ ತಂದೆಯವರೊಡನೆ ಅವರು ಘಟ್ಟ ಹತ್ತಿ ಬಂದರು. ತವರಿಗೆ ಹೋಗಿಬರುವುದು ಮದುವೆ ಮುಂಜಿ ಸಾವುಗಳಿಗಷ್ಟೇ ಸೀಮಿತವಾಯಿತು. ಹುಡುಗಿಯಾಗಿದ್ದಾಗ ಮನೆಯ ಹಿತ್ತಿಲಲ್ಲಿ ನಿಂತರೆ ನೀರಿನ ಅಂಚಿನಲ್ಲಿ ಒಂದು ಕಪ್ಪು ಗೆರೆಯೂ ಅದರ ಮೇಲೆ ತೆಂಗಿನ ಮರಗಳ ತಲೆಗಳೂ ಕಾಣುತ್ತಿದ್ದುವಂತೆ. ಅಜ್ಜನವರು ದೋಣಿಯಲ್ಲಿ ಹೋಗಿ ಅಲ್ಲಿ ಬಲೆ ಒಣಗಿಸಿ ಬರುತ್ತಿದ್ದರು. ಅಲ್ಲಿಯ ಕಲ್ಲುಗಳನ್ನು ಯಾರೋ ಉಳಿ ಹಿಡಿದು ಕಡೆದು, ಕಂಬ ಕಂಬವಾಗಿ ನಿಲ್ಲಿಸಿ ಹೋಗಿರುವರೆಂದು ಮಗಳಿಗೆ ಹೇಳುತ್ತಿದ್ದರು. ಕರೆದುಕೊಂಡು ಹೋಗೆಂದರೆ, ಹೆಣ್ಣುಮಕ್ಕಳು ದೋಣಿ ಹತ್ತಬಾರದೆಂಬ ಉತ್ತರ. ಗಂಡುಮಕ್ಕಳಾದ ನಮ್ಮ ಸೋದರಮಾವಂದಿರು ಹೋಗಿಬಂದು ಬಂದು ಬೇಸರಪಟ್ಟರು. ತಾಯಿಯವರು ಇಪ್ಪತ್ತೆರಡು ವರ್ಷ ಅದನ್ನು ದಡದಿಂದಲೇ ನೋಡಿದರು.

ಹೀಗಿರಲು, ಮೂರು ವರ್ಷಗಳ ಹಿಂದೆ ಅವರ ಕಣ್ಣಿಗೆ ಗ್ಲಾಕೋಮ ಎಂಬ ವ್ಯಾಧಿ ಅಂಟಿರುವುದು ತಿಳಿದುಬಂದಿತು. ಕಣ್ಣಿನೊಳಗಣ ಒತ್ತಡವು ಹೆಚ್ಚಿ ದೃಷ್ಟಿಯ ನರವನ್ನು ಮೆಲ್ಲಮೆಲ್ಲನೆ ನವೆಯಿಸುವ ರೋಗವಿದು. ನೋವಿಲ್ಲ, ಕೆಂಪಿಲ್ಲ; ನೋಟದ ಅಂಚುಗಳು ಮೊದಲು ಅಳಿಸಿಹೋಗುವುದರಿಂದ ರೋಗಿಗೆ ಬಹುಕಾಲ ಅದು ತಿಳಿಯುವುದೇ ಇಲ್ಲ. ಮನೆಯಲ್ಲಿ ಹಿರಿಯರಿರುವವರು ಕನ್ನಡಕದ ಅಂಗಡಿಗಷ್ಟೇ ಹೋಗದೆ ವೈದ್ಯರಿಂದ ಕಣ್ಣಿನ ಒತ್ತಡವನ್ನು ಅಳೆಯಿಸುವುದು ಮೇಲು. ಪೊರೆಯಾದರೆ ತೆಗೆಯಬಹುದು, ಗ್ಲಾಕೋಮದಿಂದ ಹೋದ ದೃಷ್ಟಿ ಮರಳದು. ದಿನವೂ ಹೊತ್ತಿಗೆ ಸರಿಯಾಗಿ ಔಷಧದ ಹನಿಗಳನ್ನು ಹಾಕಿ ಉಳಿದುದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ತಾಯಿಯವರ ಎಡಗಣ್ಣು ಬಹುಮಟ್ಟಿಗೆ ಹೋಗಿದೆ. ಬಲಗಣ್ಣಿನಲ್ಲಿ ಮುಂದೆ ನೇರವಾಗಿರುವುದು ಚೆನ್ನಾಗಿ ಕಾಣುವುದು, ಪಕ್ಕದ್ದು ಕಾಣದು. ಮೊಣಕಾಲುಗಳ ಸವೆತ ಬೇರೆ. ಅಂದು ರಾತ್ರಿ ಊಟವಾದ ಮೇಲೆ, ದಸರೆಗೆ ತೋನ್ಸೆಪಾರಿಗೆ ಹೋಗುವುದೆಂದು ನಾನು ಹೇಳಿದೆನು. ತಾಯಿಯವರು ಏನೂ ಹೇಳಲಿಲ್ಲ. ಬೇಡವೆನ್ನಲಿಲ್ಲವೆಂಬುದೇ ನಮಗೆ ಸಾಕಾಗಿತ್ತು.

ಇನ್ನು ಆ ಕಲ್ಲಿನ ವಿಚಾರ. ನನ್ನ ಉದ್ಯೋಗಕ್ಕೆ ಸಂಬಂಧಪಟ್ಟ ಸಂಗತಿಯಾದುದರಿಂದ ಸ್ವಲ್ಪ ಹೆಚ್ಚಾಗಿಯೇ ಬರೆದರೆ ವಾಚಕರು ಸೈರಿಸಬೇಕು. ಚಿತ್ರದಲ್ಲಿ ನಾನು ಮೊದಲು ಕಂಡುದು ಕಲ್ಲನ್ನಲ್ಲ, ನಟ್ಟುಗಳನ್ನು. ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು, ತಲೆ ಸಮನಾಗಿ ಕತ್ತರಿಸಿದಂತೆ, ಕಾರ್ಖಾನೆಯ ಮೂಲೆಯಲ್ಲಿ ಜೋಡಿಸಿಟ್ಟ ಷಟ್ಕೋನದ ಸಲಾಕೆಗಳಂತೆಯೇ ನಿಂತಿವೆ. ನಾವು ನಟ್ಟನ್ನು ಆರು ಮೂಲೆಯಾಗಿ ಮಾಡುವುದಕ್ಕೆ ಕಾರಣವುಂಟು: ಇಕ್ಕಟ್ಟಾದ ಜಾಗದಲ್ಲಿಯೂ ಸ್ಪ್ಯಾನರನ್ನು ೬೦ ಅಂಶ ತಿರುಗಿಸಿದರೆ ಮುಂದಿನ ಮೂಲೆ ಹಿಡಿತಕ್ಕೆ ಸಿಕ್ಕುವುದು. ಸ್ಪ್ಯಾನರೇ ಇಲ್ಲದ ಪ್ರಕೃತಿಗೆ ಆರು ಮೂಲೆಯ ಅವಶ್ಯವೇನು?

ಉತ್ತರವು ಬತ್ತಿದ ಕೆರೆಯ ಅಂಗಳದಲ್ಲಿದೆ. ಕೆಸರು ಒಣಗುವಾಗ ಕುಗ್ಗುವುದು. ಕುಗ್ಗುವುದಕ್ಕೆ ಎಡೆಯಿಲ್ಲದೆ ಬಿರಿಯುವುದು. ಲಾವಾರಸವೂ ಹಾಗೆಯೇ. ಹೊರಗೆ ಹರಿದುಬಂದ ಕರಗಿದ ಕಲ್ಲು ಮೇಲ್ಮೈಯಲ್ಲಿ ಮೊದಲು ಆರಿ ಕುಗ್ಗಿ ಬಿರುಕುಬಿಡುವುದು. ಆ ಬಿರುಕುಗಳು ಮೊದಮೊದಲು ಕೆರೆಯ ಮಣ್ಣಿನಲ್ಲಿರುವಂತೆ ಅಂದಗೆಟ್ಟು, ಒಂದಕ್ಕೊಂದು ನೇರ ಮೂಲೆಯಾಗಿ ಸೇರುವುವು. ಒಳಗಿನ ಕಲ್ಲು ಆರುತ್ತ ಹೋದಂತೆ ಬಿರುಕುಗಳೂ ಒಳಕ್ಕೆ ಇಳಿಯುತ್ತ, ಎಳೆತವನ್ನು ಎಲ್ಲ ಕಡೆಗೂ ಸಮನಾಗಿ ಹಂಚುವಂತೆ ತಮ್ಮನ್ನು ತಾವೇ ತಿದ್ದಿಕೊಳ್ಳುವುವು. ಮೂರು ಬಿರುಕುಗಳು ೧೨೦ ಅಂಶಗಳ ಕೋನದಲ್ಲಿ ಸೇರಿದರೆ ಹಂಚಿಕೆ ಸರಿಹೋಗುವುದು; ಅಂಥ ಸಂಧಿಗಳ ನಡುವೆ ಉಳಿಯುವ ಕಂಬಕ್ಕೆ ಸಹಜವಾಗಿಯೇ ಆರು ಮುಖಗಳು. ಎಲ್ಲ ಕಂಬಗಳೂ ಆರು ಮುಖದವಲ್ಲ, ಐದರವೂ ಏಳರವೂ ಇವೆಯೆಂದು ಮಗನು ತಿದ್ದಿದನು. ನನ್ನ ಕೈಗೆ ತಪಾಸಣೆಗೆ ಬಂದಿದ್ದರೆ ಅರ್ಧಕ್ಕರ್ಧ ತಿರಸ್ಕರಿಸುತ್ತಿದ್ದೆನೇನೋ!

ಈ ಕಲ್ಲನ್ನು ಹಲವರು ಬಸಾಲ್ಟ್ ಎಂದು ಬರೆದಿರುವರಾದರೂ, ಅದು ದಖನ್ ಪೀಠಭೂಮಿಯ ಕರಿಕಲ್ಲಿನ ಜಾತಿಯದಲ್ಲ. ಸಿಲಿಕದ ಅಂಶ ಹೆಚ್ಚಾಗಿರುವ, ರಯೋಲೈಟಿನ ಬಳಗಕ್ಕೆ ಸೇರಿದ ಲಾವಾಶಿಲೆ. ಅದರ ವಯಸ್ಸು ಸುಮಾರು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷಗಳ ನಡುವೆ ಎಂದು ಪರೀಕ್ಷಕರು ಲೆಕ್ಕಹಾಕಿರುವರು. ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿದ್ದಿತು. ಅದು ಇತ್ತಲಿಂದ ಬೇರ್ಪಟ್ಟ ಕಾಲದ ಬಿರುಕುಗಳಲ್ಲಿ ಉಕ್ಕಿದ ರಸವೇ ಈ ದ್ವೀಪಗಳು. ಅಂದರೆ ಈಗ ಅರಬ್ಬೀ ಸಮುದ್ರದ ಆಚೆ ಆಫ್ರಿಕದ ಮಗ್ಗುಲಲ್ಲಿರುವ ಒಂದು ನಾಡು ಒಮ್ಮೆ ಮಲ್ಪೆಯವರ ನೆರೆಯೂರು. ಉತ್ತರ ಐರ್ಲೆಂಡಿನಲ್ಲಿ ಜಯಂಟ್ಸ್ ಕಾಸ್‌ವೇ ಎಂಬಲ್ಲಿ ಇಂತಹ ಕಂಬಗಳು ೪೦,೦೦೦ದಷ್ಟು ಇವೆ. ಒಬ್ಬ ದೈತ್ಯನು ಸ್ಕಾಟ್ಲೆಂಡಿಗೆ ದಾಟಲು ಕಟ್ಟಿದ ಸೇತುವೆಯೆಂದು ಅಲ್ಲಿಯ ಜನರ ಕಥೆ. ನಮ್ಮ ಅಜ್ಜನವರ ಉಳಿಯ ಕಥೆಗೂ ಅದಕ್ಕೂ ದೂರವೇನಿಲ್ಲ.

ಎಲ್ಲರಿಗೂ ಒಪ್ಪಿಗೆಯಾದ ಮೇಲೆ ನಿಜವಾದ ವಾದ ಮೊದಲಾಯಿತು. ತಾಯಿಯವರ ಆರೈಕೆಯೆಲ್ಲ ಮಡದಿಯದಾದುದರಿಂದ ಅವಳ ಮಾತಿಗೆ ತೂಕ ಹೆಚ್ಚು. ಅವಳು ಕೇಳಿದ ಪ್ರಶ್ನೆಗಳು ಒಂದೊಂದೂ ನ್ಯಾಯವಾದುವು. ಮಲ್ಪೆಯಿಂದ ದ್ವೀಪಕ್ಕೆ ಆರು ಕಿಲೋಮೀಟರಿನಷ್ಟು ನೀರು. ದೋಣಿ ಓಲಾಡಿದರೆ ಹಿಡಿದುಕೊಳ್ಳುವುದು ಹೇಗೆ? ಹಿಂದೊಮ್ಮೆ ಹೋಗಿಬಂದ ನೆರೆಮನೆಯವರು, ದೊಡ್ಡ ದೋಣಿಯಿಂದ ನಡುನೀರಿನಲ್ಲಿ ಸಣ್ಣ ದೋಣಿಗೆ ದಾಟಿಸಿದರೆಂದು ವರ್ಣಿಸಿದ್ದರು. ಪಕ್ಕ ಕಾಣದವರು ಹಾಗೆ ಕಾಲಿಡುವುದು ಹೇಗೆ? ತೆಂಗಿನ ಮರಗಳ ಹೊರತು ನೆರಳಿಲ್ಲ, ರಾತ್ರಿ ತಂಗುವಂತಿಲ್ಲ, ಆಯಾಸವಾದರೆ ಮಲಗಿಸುವುದೆಲ್ಲಿ? ಅಲ್ಲದೆ ೨೦೨೨ರ ಏಪ್ರಿಲ್ ತಿಂಗಳಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದುದನ್ನು ಅವಳು ಮರೆತಿರಲಿಲ್ಲ. ಅಲ್ಲಿಯ ಬಂಡೆಗಳು ಪಾಚಿಯಿಂದ ಜಾರುವುವು, ಅಲೆಯು ಹೇಳಿ ಬರುವುದಿಲ್ಲ. ಮಕ್ಕಳಿಬ್ಬರಿಂದಲೂ ನೀರಿಗಿಳಿಯುವುದಿಲ್ಲವೆಂದು ಮಾತು ತೆಗೆದುಕೊಂಡ ಮೇಲೆಯೇ ಅವಳು ಮುಂದಿನ ಮಾತಾಡಿದಳು.

"ಕರೆದುಕೊಂಡು ಹೋಗುವುದಾದರೆ ಅವರು ಕಣ್ತುಂಬ ನೋಡುವಂತೆ ಕರೆದುಕೊಂಡು ಹೋಗಬೇಕು. ಸಾಮಾನಿನಂತೆ ಹೊತ್ತು ಇಳಿಸಿ, ಹೊತ್ತು ತರುವುದಾದರೆ ಬೇಡ."

ನಾನು ಮಲ್ಪೆಯಲ್ಲಿರುವ ಸೋದರಮಾವನ ಮಗನಿಗೆ ಫೋನು ಮಾಡಿದೆನು. ಅವನು ಮೀನಿನ ವ್ಯಾಪಾರದವನು. ದೋಣಿಯವರ ಬಳಕೆ ಬಲ್ಲವನು. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿಗೆ ದೋಣಿಗಳಿಲ್ಲ. ಮಳೆ ಹಿಂದೆಗೆದು ಕಡಲು ತಣಿದ ಮೇಲೆಯೇ ಪ್ರಾರಂಭ. ಅಕ್ಟೋಬರಿನಲ್ಲಿ ಸಾಮಾನ್ಯವಾಗಿ ನಡೆಯುವುವು, ಆದರೆ ಸಮುದ್ರದಲ್ಲಿ ವಾಯುಭಾರ ಕುಸಿದರೆ ಅಂದಿಗೆ ಅಂದೇ ನಿಲ್ಲಿಸುವರು ಎಂದನು. ಗಾಳಿ ಏಳುವುದಕ್ಕೆ ಮುಂಚೆ ಬೆಳಗಿನ ಮೊದಲ ದೋಣಿಯೇ ಹಿತವೆಂದೂ ಹೇಳಿದನು. ಭರತ ಇಳಿತಗಳ ಮಾತು ಬಂದಾಗ ಫೋನನ್ನು ತಾಯಿಯವರು ನನ್ನ ಕೈಯಿಂದ ತೆಗೆದುಕೊಂಡರು. ಅವರಿಬ್ಬರೂ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಫೋನು ಇಟ್ಟವರೇ, "ಪಂಚಾಂಗ ತೆಗೆ" ಎಂದರು.

ಅಮಾವಾಸ್ಯೆ ಹುಣ್ಣಿಮೆಗಳಂದು ಸೂರ್ಯಚಂದ್ರರ ಸೆಳೆತವು ಒಂದೇ ಸಾಲಿನಲ್ಲಿ ಸೇರುವುದರಿಂದ ಸಮುದ್ರವು ಬಹಳ ಏರಿ ಬಹಳ ಇಳಿಯುವುದು. ಅರ್ಧಚಂದ್ರನಿರುವ ಅಷ್ಟಮಿಯ ಹೊತ್ತಿಗೆ ಆ ಎರಡು ಸೆಳೆತಗಳೂ ಒಂದಕ್ಕೊಂದು ಅಡ್ಡವಾಗಿ ನಿಂತು ಏರಿಳಿತವು ತಗ್ಗುವುದು. ಅದರ ಪರಿಣಾಮವು ಒಂದೆರಡು ದಿನ ತಡವಾಗಿ, ದಶಮಿ ಏಕಾದಶಿಗಳಲ್ಲಿ ಚೆನ್ನಾಗಿ ಕಾಣುವುದು. ಮಗನು ಇದನ್ನು ಪುಸ್ತಕದಿಂದ ಬಲ್ಲನು. ತಾಯಿಯವರು ಅಜ್ಜನವರ ಬಾಯಿಂದ ಬಲ್ಲರು. ಆಯುಧಪೂಜೆಯು ಯಾವಾಗಲೂ ನವಮಿ, ಮರುದಿನ ವಿಜಯದಶಮಿ. ಅಂದರೆ ಪೀಣ್ಯದ ಯಂತ್ರಗಳು ನಿಲ್ಲುವ ದಿನಗಳೂ ಮಲ್ಪೆಯ ನೀರು ತಣ್ಣಗಿರುವ ದಿನಗಳೂ ಪಂಚಾಂಗದಲ್ಲಿ ಪ್ರತಿವರ್ಷವೂ ಅಕ್ಕಪಕ್ಕದಲ್ಲಿಯೇ ಬರುತ್ತಿದ್ದುವು! ಇಷ್ಟು ವರ್ಷ ಇದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಗಾಳಿಯಿಂದೇಳುವ ಅಲೆಗೆ ತಿಥಿಯ ಕಟ್ಟಿಲ್ಲವೆಂಬುದು ನಿಜ. ಆದರೂ ದೋಣಿ ಇಳಿಯುವಲ್ಲಿ ನೀರಿನ ಮಟ್ಟ ಹೆಚ್ಚು ವ್ಯತ್ಯಾಸವಾಗದಿದ್ದರೆ ಕಾಲು ನೋಯುವವರಿಗೆ ಅಷ್ಟಾದರೂ ಅನುಕೂಲ.

ಆದುದರಿಂದ ಕ್ರಮವು ಹೀಗೆ ಗೊತ್ತಾಯಿತು. ನವಮಿಯ ಬೆಳಗ್ಗೆ ಕಾರ್ಖಾನೆಯ ಪೂಜೆ. ಸಂಜೆ ಯಶವಂತಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುವುದು. ರಾತ್ರಿ ಸಕಲೇಶಪುರದ ಘಟ್ಟವಿಳಿದು ನಸುಕಿನಲ್ಲಿ ಉಡುಪಿ. ದಶಮಿಯಂದು ಮಾವನ ಮನೆಯಲ್ಲಿ ವಿಶ್ರಾಂತಿ. ಏಕಾದಶಿಯ ಬೆಳಗ್ಗೆ ಮೊದಲ ದೋಣಿ. ಅದಕ್ಕಾಗಿ ನಾನು ಒಂದು ದಿನದ ರಜೆಯನ್ನು ಬೇರೆಯಾಗಿ ಕೇಳಿ ಪಡೆದಿದ್ದೇನೆ. ರೈಲಿನ ಮುಂಗಡ ಕಾದಿರಿಸುವಿಕೆ ಮೊದಲು ೧೨೦ ದಿನಗಳಿಗೆ ಇದ್ದುದು ೨೦೨೪ರ ನವೆಂಬರಿನಿಂದ ೬೦ ದಿನಗಳಿಗೆ ಇಳಿದಿರುವುದರಿಂದ, ನಮ್ಮ ಟಿಕೀಟಿನ ದಿನವು ವರಮಹಾಲಕ್ಷ್ಮಿಯ ಹಬ್ಬದ ಗಡಿಬಿಡಿಯಲ್ಲಿಯೇ ಬಂದಿತು. ಬೆಳಗ್ಗೆ ಎಂಟು ಗಂಟೆಗೆ ನಾನು ಪಾಳಿಯಲ್ಲಿ; ಮಡದಿಯು ಒಂದು ಕೈಯಲ್ಲಿ ಕಲಶವನ್ನೂ ಇನ್ನೊಂದರಲ್ಲಿ ಫೋನನ್ನೂ ಹಿಡಿದು ಐದು ಸ್ಥಳಗಳನ್ನು ಸಂಪಾದಿಸಿದಳು. ತಾಯಿಯವರಿಗೆ ಕೆಳಗಿನ ಮಂಚ ದೊರೆತಿದೆ.

ದೋಣಿಯ ವಿಷಯದಲ್ಲಿ ಒಂದು ಒಪ್ಪಂದವಾಗಿದೆ. ಷರತ್ತುಗಳನ್ನು ಹಾಕಿದವರು ತಾಯಿಯವರೇ. ಬೆಳಗ್ಗೆ ದಂಡೆಯಲ್ಲಿ ನಿಂತು ನೀರನ್ನು ನೋಡಿ, ಹೋಗುವುದೋ ಬಿಡುವುದೋ ಎಂಬುದನ್ನು ಅವರೇ ಹೇಳತಕ್ಕದ್ದು. ಅವರು ಬೇಡವೆಂದರೆ ಯಾರೂ ಬಲವಂತ ಮಾಡಕೂಡದು. ಮಕ್ಕಳು ಮಾತ್ರ ತಂದೆಯೊಡನೆ ಹೋಗಿಬರಬೇಕು. ಹೋದರೆ, ಇಳಿದ ಕೂಡಲೆ ಮೊದಲನೆಯ ಕಂಬದ ಹತ್ತಿರ ಅವರಿಗೆ ಕೂರಲು ಮಣೆ ಹಾಕಿಕೊಡಬೇಕು. ಮೇಲಕ್ಕೆ ಹತ್ತಿಸುವ ಮಾತೆತ್ತಬಾರದು. ಕಂಬದ ಮುಖಗಳನ್ನು ಎಣಿಸಿ ಹೇಳಲು ಯಾರೂ ಅವಸರಪಡಬಾರದು, ಅದನ್ನು ಅವರು ಕೈಯಿಂದ ಮುಟ್ಟಿ ತಾವೇ ಎಣಿಸುವರು.

ಮಡಚುವ ಮಣೆಯನ್ನು ಕೊಂಡಾಯಿತು. ಜಾರದ ಅಟ್ಟೆಯ ಪಾದರಕ್ಷೆಗಳನ್ನೂ ಕೊಂಡಿದ್ದೇವೆ. ಅವು ಹೊಸದಾಗಿ ಕಚ್ಚದಿರಲೆಂದು ತಾಯಿಯವರು ಸಂಜೆ ಸಂಜೆ ಮಹಡಿಯ ಮೆಟ್ಟಿಲುಗಳನ್ನು ಕೈಪಿಡಿ ಹಿಡಿದು ಇಳಿದು ಹತ್ತಿ ರೂಢಿಮಾಡಿಕೊಳ್ಳುತ್ತಿದ್ದಾರೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಮೆಟ್ಟಿಲುಗಳನ್ನು ಎಣಿಸುವಳು. ಮಗನು ಕೋನಮಾಪಕವನ್ನು ನನ್ನ ಚೀಲದಲ್ಲಿ ಈಗಲೇ ಇಟ್ಟಿದ್ದಾನೆ. ನೀರು, ಛತ್ರಿ, ಚಪಾತಿ, ಉಪ್ಪಿನಕಾಯಿಗಳ ಪಟ್ಟಿ ಮಡದಿಯ ಬಳಿ ಇದೆ. ನಿನ್ನೆ ತಾಯಿಯವರು ಆ ಪಟ್ಟಿಯನ್ನು ಓದಿಸಿ ಕೇಳಿ, ಕಣ್ಣಿನ ಔಷಧದ ಸೀಸೆ ಒಂದು ಎಂದಿದ್ದುದನ್ನು ಎರಡು ಎಂದು ತಿದ್ದಿಸಿದರು. ಒಂದು ಕಡಲಿಗೆ ಬಿದ್ದರೆ ಇನ್ನೊಂದು ಇರಲಿ ಎಂದರು.